ಯಾರ ತಂತಿ ಯಾರಿಗೆ?

ಟೆಲಿಫೋನಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನಿಂದ ಶುರುಮಾಡುತ್ತಾರೆ, ಬಹುಪಾಲು ಅವನಲ್ಲೇ ಮುಗಿಸಿಬಿಡುತ್ತಾರೆ. 1876ರ ಫೆಬ್ರುವರಿ 14ರಂದು ಬೆಲ್‌ನ ಪೇಟೆಂಟ್ ಅರ್ಜಿ ಕಚೇರಿಗೆ ಹೋಯಿತು. ಅದೇ ದಿನ ಎಲೈಷಾ ಗ್ರೇ ಎಂಬ ಇನ್ನೊಬ್ಬನ ಕಾಗದವೂ ಅಲ್ಲಿಗೆ ಬಂತು. ಮಾರ್ಚ್ 7ರಂದು ಪೇಟೆಂಟ್ ಬೆಲ್‌ಗೆ ಸಿಕ್ಕಿತು, ಮಾರ್ಚ್ 10ರಂದು ಬೋಸ್ಟನ್ನಿನಲ್ಲಿ ಪಕ್ಕದ ಕೋಣೆಯಲ್ಲಿದ್ದ ಸಹಾಯಕ ವಾಟ್ಸನ್‌ಗೆ ತಂತಿಯ ಮೂಲಕ ಅವನ ಮಾತು ಕೇಳಿಸಿತು. ಯಾರು ಮೊದಲು ಎಂಬ ವ್ಯಾಜ್ಯ ಇವತ್ತಿಗೂ ಪುಸ್ತಕಗಳಲ್ಲಿ ನಡೆಯುತ್ತಲೇ ಇದೆ. ನನಗೆ ಅದರಲ್ಲಿ ಹೆಚ್ಚು ಆಸಕ್ತಿಯಿಲ್ಲ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಮಾತು ಕಳಿಸುವ ಯಂತ್ರ ಸಿಕ್ಕಮೇಲೆ, ಅದಕ್ಕಿಂತ ಕಠಿಣವಾದ ಪ್ರಶ್ನೆಯೊಂದು ಎದುರಾಯಿತು: ಊರಿನಲ್ಲಿ ಸಾವಿರ ಜನರ ಬಳಿ ಈ ಯಂತ್ರವಿದ್ದರೆ ಯಾರ ತಂತಿಯನ್ನು ಯಾರಿಗೆ, ಯಾವಾಗ, ಯಾರು ಜೋಡಿಸಬೇಕು?

ಮೊದಮೊದಲು ಫೋನುಗಳು ಜೋಡಿಯಾಗಿಯೇ ಬಾಡಿಗೆಗೆ ಸಿಗುತ್ತಿದ್ದವು. ಅಂಗಡಿಗೊಂದು, ಮನೆಗೊಂದು, ನಡುವೆ ಒಂದು ತಂತಿ. ಮಾಲೀಕ ಅಂಗಡಿಯಿಂದ ಮನೆಯವರ ಜೊತೆ ಮಾತಾಡಬಹುದಿತ್ತು, ಬೇರೆ ಯಾರ ಜೊತೆಗೂ ಇಲ್ಲ. ಮೂವರು ಪರಸ್ಪರ ಮಾತಾಡಬೇಕೆಂದರೆ ಮೂರು ತಂತಿ ಸಾಕು. ಹತ್ತು ಜನಕ್ಕೆ 45 ಬೇಕು, ನೂರು ಜನಕ್ಕೆ 4,950. ಹತ್ತು ಸಾವಿರ ಚಂದಾದಾರರ ಊರಿಗೆ 4,99,95,000 ತಂತಿ ಎಳೆಯಬೇಕು, ಪ್ರತಿ ಮನೆಯ ಗೋಡೆಗೂ 9,999 ತಂತಿ ಬಂದು ಸೇರಬೇಕು. ಎಲ್ಲರ ತಂತಿಯೂ ಒಂದು ಕಡೆಗೆ ಬಂದು, ಬೇಕಾದಾಗ ಮಾತ್ರ ಇಬ್ಬರನ್ನು ಕೂಡಿಸಿ ಆಮೇಲೆ ಬಿಡಿಸಿದರೆ ಹತ್ತು ಸಾವಿರ ತಂತಿಯಲ್ಲೇ ಕೆಲಸ ಮುಗಿಯುತ್ತದೆ. ಆ ಕೂಡಿಸಿ ಬಿಡಿಸುವ ಜಾಗವೇ ಎಕ್ಸ್‌ಚೇಂಜ್.

ಬೆಲ್‌ನ ಉಪನ್ಯಾಸವೊಂದನ್ನು ಕೇಳಿ ಬಂದ ಜಾರ್ಜ್ ಕಾಯ್ ಎಂಬಾತ 1878ರ ಜನವರಿ 28ರಂದು ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಮೊದಲ ವಾಣಿಜ್ಯ ಎಕ್ಸ್‌ಚೇಂಜ್ ತೆರೆದ. 21 ಚಂದಾದಾರರು. ಸಾರೋಟಿನ ಬೋಲ್ಟುಗಳನ್ನೂ ಹೆಂಗಸರ ಉಡುಪಿನೊಳಗಿನ ತಂತಿಯನ್ನೂ ಬಳಸಿ ಆತನೇ ಮಾಡಿಕೊಂಡ ಹಲಗೆ ಅದು. ಏಕಕಾಲಕ್ಕೆ ಎರಡೇ ಸಂಭಾಷಣೆ ನಡೆಯಬಹುದಿತ್ತು. ಮೂರನೆಯವರು ಕಾಯಬೇಕಿತ್ತು. ಈ ಮೂರನೆಯವರನ್ನು ನೆನಪಿಟ್ಟುಕೊಳ್ಳಿ, ಈ ಅಧ್ಯಾಯವೆಲ್ಲ ಅವರದ್ದೇ.

ಮಾತು ವಿದ್ಯುತ್ತಾಗುವ ಬಗೆಯನ್ನು ಇಲ್ಲಿ ಸ್ವಲ್ಪ ನೋಡಿಕೊಂಡು ಮುಂದೆ ಹೋಗೋಣ. ಬೆಲ್ ಬಾಡಿಗೆಗೆ ಬಿಟ್ಟ ಉಪಕರಣದಲ್ಲಿ ಕಬ್ಬಿಣದ ತೆಳುತಗಡು ಅಯಸ್ಕಾಂತದ ಮುಂದೆ ಕಂಪಿಸುತ್ತಿತ್ತು, ಅದರಿಂದ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತಿತ್ತು. ಅಂದರೆ ತಂತಿಯಲ್ಲಿ ಹೋಗುವ ಶಕ್ತಿಯೆಲ್ಲ ಮಾತಾಡುವವರ ಗಂಟಲಿನದ್ದೇ. ಎಷ್ಟು ಕೂಗಿದರೂ ಕೆಲವು ಮೈಲಿಯಲ್ಲಿ ಸತ್ತುಹೋಗುತ್ತಿತ್ತು. ಎಡಿಸನ್ ಮತ್ತಿತರರು ತಂದ ಇದ್ದಲಿನ ಮೈಕ್ ಈ ಲೆಕ್ಕವನ್ನೇ ಬದಲಿಸಿತು. ಸಣ್ಣ ಡಬ್ಬಿಯೊಳಗೆ ಇದ್ದಲಿನ ಕಾಳುಗಳು, ಅವುಗಳ ಮೂಲಕ ಬ್ಯಾಟರಿಯ ವಿದ್ಯುತ್. ಧ್ವನಿಯ ಒತ್ತಡ ಬಿದ್ದಾಗ ಕಾಳುಗಳು ಒತ್ತಿಕೊಂಡು ರೋಧ ಇಳಿಯುತ್ತದೆ, ಪ್ರವಾಹ ಏರುತ್ತದೆ. ಒತ್ತಡ ಸಡಿಲಿದಾಗ ಇದರ ತಿರುಗುಮುರುಗು. ದುಡಿಯುವುದು ಬ್ಯಾಟರಿ, ಮಾತು ಅದನ್ನು ಹೆಚ್ಚು ಕಡಿಮೆ ಮಾಡುತ್ತದೆ ಅಷ್ಟೆ. ಕಪ್ಪು ಬಣ್ಣದ ಭಾರದ ಫೋನುಗಳ ಕಾಲದಲ್ಲಿ ದನಿ ಮಂಕಾದರೆ ಹಿರಿಯರು ರಿಸೀವರನ್ನು ಅಂಗೈಗೆ ಎರಡು ಬಾರಿ ಕುಟ್ಟಿ "ಹಲೋ ಹಲೋ" ಅನ್ನುತ್ತಿದ್ದರಲ್ಲ, ಅದು ಬರೀ ಸಿಟ್ಟಿನ ಕೆಲಸವಾಗಿರಲಿಲ್ಲ. ಕಾಳುಗಳು ಗಟ್ಟಿಯಾಗಿ ಕಚ್ಚಿಕೊಂಡರೆ ಮೈಕಿನ ಸೂಕ್ಷ್ಮತೆ ಹೋಗುತ್ತದೆ, ಕುಟ್ಟಿದರೆ ಅವು ಬಿಡಿಬಿಡಿಯಾಗುತ್ತವೆ.

ಆ ಬ್ಯಾಟರಿ ಮೊದಲು ಪ್ರತಿ ಮನೆಯಲ್ಲೂ ಇರುತ್ತಿತ್ತು, ಆಮೇಲೆ ಎಕ್ಸ್‌ಚೇಂಜಿಗೆ ಹೋಯಿತು. ಅಲ್ಲಿಂದ 48 ವೋಲ್ಟ್ ಪ್ರತಿ ಮನೆಯ ಎರಡು ತಂತಿಗಳಿಗೂ ಸದಾ ಕಾದುಕೊಂಡಿರುತ್ತದೆ. ನೆಲಕ್ಕೆ ಜೋಡಿಸಿರುವುದು ಧನ ಧ್ರುವ. ತಂತಿ ಋಣದಲ್ಲಿದ್ದರೆ ಒದ್ದೆ ನೆಲದಲ್ಲಿ ತಾಮ್ರ ಸವೆಯುವುದು ಕಡಿಮೆ ಎಂಬ ಕಾರಣಕ್ಕೆ ಹೀಗೆ. ರಿಸೀವರ್ ಕೆಳಗಿದ್ದಾಗ ಸರ್ಕೀಟು ಬಿಚ್ಚಿಕೊಂಡಿರುತ್ತದೆ. ಎತ್ತಿದ ಕೂಡಲೇ ಕೂಡಿಕೊಂಡು ಪ್ರವಾಹ ಹರಿಯುತ್ತದೆ, ಮೈಲಿಗಳಾಚೆ ಎಕ್ಸ್‌ಚೇಂಜಿನಲ್ಲಿ ಒಂದು ರಿಲೇ ಎಳೆದುಕೊಂಡು "ಈ ಮನೆಯವರು ಫೋನ್ ಎತ್ತಿದರು" ಎಂದು ತಿಳಿಸುತ್ತದೆ. ಗಂಟೆ ಬಾರಿಸುವುದಕ್ಕೆ ಮಾತ್ರ 75 ವೋಲ್ಟಿನ ಆಸುಪಾಸಿನ ಪರ್ಯಾಯ ವಿದ್ಯುತ್ ಬೇರೆಯಾಗಿ ಬರುತ್ತದೆ. ಕಂಬದ ಮೇಲೆ ಬರಿಗೈಯಲ್ಲಿ ತಂತಿ ಹಿಡಿದ ಲೈನ್‌ಮನ್‌ಗೆ ಅದೇ ಹೊತ್ತಿಗೆ ಆ ಮನೆಗೆ ಕರೆ ಬಂದರೆ ಏನಾಗುತ್ತದೆಂದು ಅವರನ್ನೇ ಕೇಳಬೇಕು.

ಇನ್ನು ಜೋಡಿಸುವವರ ವಿಷಯ. ಮೊದಲು ಹಲಗೆಯ ಮುಂದೆ ಹುಡುಗರನ್ನು ಕೂರಿಸಿದರು. ಟೆಲಿಗ್ರಾಫ್ ಕಚೇರಿಯಲ್ಲಿ ಪಳಗಿದ್ದ ಅವರ ಬಾಯಿ ಗ್ರಾಹಕರಿಗೆ ಹಿಡಿಸಲಿಲ್ಲ. 1878ರ ಸೆಪ್ಟೆಂಬರ್ 1ರಂದು ಬೋಸ್ಟನ್ನಿನಲ್ಲಿ ಎಮ್ಮಾ ನಟ್ ಕೆಲಸಕ್ಕೆ ಸೇರಿದಳು, ಅಲ್ಲಿಂದ ಮುಂದೆ ಹಲವು ದಶಕ ಈ ಕೆಲಸ ಬಹುತೇಕ ಹೆಂಗಸರದ್ದಾಯಿತು. ಚಂದಾದಾರರನ್ನು ಹೆಸರಿನಿಂದಲೇ ಗುರುತಿಸುತ್ತಿದ್ದ ಕಾಲ ಅದು. 1879ರಲ್ಲಿ ಮ್ಯಾಸಚೂಸೆಟ್ಸ್‌ನ ಲೋವೆಲ್ ಊರಿನಲ್ಲಿ ದಡಾರ ಹರಡಿದಾಗ, ಆಪರೇಟರುಗಳೆಲ್ಲ ಮಲಗಿದರೆ ಹೊಸಬರಿಗೆ ಯಾರ ತಂತಿ ಯಾವುದೆಂದು ತಿಳಿಯುವುದು ಹೇಗೆ ಎಂದು ಅಲ್ಲಿನ ವೈದ್ಯ ಮೋಸೆಸ್ ಗ್ರೀಲಿ ಪಾರ್ಕರ್ ಚಿಂತಿಸಿ, ಹೆಸರಿನ ಬದಲು ನಂಬರು ಕೊಡಿ ಎಂದ. ನಮ್ಮ ಫೋನ್ ನಂಬರಿನ ಮೂಲಕ್ಕೆ ಹೋದರೆ ಅಲ್ಲೊಂದು ಸಾಂಕ್ರಾಮಿಕ ರೋಗ ಸಿಗುತ್ತದೆ.

ಊರು ಬೆಳೆದಂತೆ ಹಲಗೆಯೂ ಬೆಳೆಯಿತು. ಫೋನ್ ಎತ್ತಿದಾಗ ಹೊತ್ತಿಕೊಳ್ಳುವ ನೂರಿನ್ನೂರು ಮನೆಗಳ ದೀಪಗಳನ್ನು ಒಬ್ಬಳು ಆಪರೇಟರ್ ನೋಡಿಕೊಳ್ಳಬಹುದು, ಆದರೆ ಆ ಮನೆಗಳವರು ಕೇಳುವುದು ಊರಿನ ಯಾವ ನಂಬರನ್ನಾದರೂ ಸರಿ. ಹಾಗಾಗಿ ಊರಿನ ಎಲ್ಲ ಚಂದಾದಾರರ ತಂತಿಗೆ ಪ್ಲಗ್ ಸಿಕ್ಕಿಸುವ ತೂತುಗಳನ್ನೂ ಪ್ರತಿ ಆಪರೇಟರಿನ ಕೈಗೆಟಕುವಂತೆ ಹಲಗೆಯ ಉದ್ದಕ್ಕೂ ಮತ್ತೆ ಮತ್ತೆ ಕೊರೆಯಬೇಕಾಯಿತು. ಒಂದೇ ನಂಬರಿಗೆ ಹತ್ತಾರು ತೂತು. ಹಾಗಿದ್ದರೆ ಆ ನಂಬರಿನಲ್ಲಿ ಆಗಲೇ ಬೇರೆ ಯಾರೋ ಮಾತಾಡುತ್ತಿದ್ದಾರೆಂದು ಈ ತುದಿಯಲ್ಲಿ ಕುಳಿತವಳಿಗೆ ತಿಳಿಯುವುದು ಹೇಗೆ? ಪ್ಲಗ್ಗಿನ ತುದಿಯನ್ನು ತೂತಿನ ಅಂಚಿಗೆ ಮೆಲ್ಲಗೆ ತಾಗಿಸುತ್ತಿದ್ದಳು. ಕಿವಿಯಲ್ಲಿ 'ಟಿಕ್' ಎಂದರೆ ಎಂಗೇಜ್, ಸದ್ದಿಲ್ಲದಿದ್ದರೆ ಖಾಲಿ. ಅಂಚಿನ ಲೋಹದ ಉಂಗುರಕ್ಕೆ, ಮಾತು ನಡೆಯುತ್ತಿರುವಾಗ ಮಾತ್ರ, ಸ್ವಲ್ಪ ವೋಲ್ಟೇಜ್ ಬರುವಂತೆ ಜೋಡಿಸಿದ್ದರಷ್ಟೆ. ಸೆಕೆಂಡಿನ ಒಂದು ಚೂರಿನಲ್ಲಿ ಮುಗಿಯುವ ಈ ತಾಗಿಸುವಿಕೆಯನ್ನು ದಿನಕ್ಕೆ ಸಾವಿರಾರು ಸಲ ಮಾಡಬೇಕಿತ್ತು.

ಮನುಷ್ಯರನ್ನು ನಡುವಿನಿಂದ ತೆಗೆದವನು ಎಂಜಿನಿಯರ್ ಅಲ್ಲ. ಅಲ್ಮನ್ ಸ್ಟ್ರೌಜರ್ ಎಂಬಾತ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ಏರ್ಪಾಟು ಮಾಡಿಕೊಡುವ ಅಂಗಡಿ ಇಟ್ಟಿದ್ದ. ಪ್ರತಿಸ್ಪರ್ಧಿಯ ಹೆಂಡತಿ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ತನಗೆ ಬರಬೇಕಾದ ಕರೆಗಳನ್ನು ಗಂಡನ ಅಂಗಡಿಗೆ ತಿರುಗಿಸುತ್ತಿದ್ದಾಳೆ ಎಂಬ ಗುಮಾನಿ ಅವನಿಗಿತ್ತು ಎಂಬ ಕಥೆ ಪ್ರಚಲಿತ. ಕಥೆ ಎಷ್ಟು ನಿಜವೋ, ಪೇಟೆಂಟ್ ಮಾತ್ರ ನಿಜ: ಬೆಲ್‌ನ ದನಿ ವಾಟ್ಸನ್‌ಗೆ ಕೇಳಿಸಿ ಸರಿಯಾಗಿ 15 ವರ್ಷಕ್ಕೆ, 1891ರ ಮಾರ್ಚ್ 10ರಂದು ಅದು ಸ್ಟ್ರೌಜರ್‌ಗೆ ಸಿಕ್ಕಿತು. 1892ರ ನವೆಂಬರಿನಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟ್‌ನಲ್ಲಿ ಆಪರೇಟರಿಲ್ಲದ ಎಕ್ಸ್‌ಚೇಂಜ್ ಶುರುವಾಯಿತು.

ಅದರ ಜೀವಾಳವನ್ನು ಹತ್ತಿರದಿಂದ ನೋಡಿ. ನೆಟ್ಟಗೆ ನಿಂತ ಒಂದು ಕಂಬಿ, ಅದರ ತುದಿಯಲ್ಲಿ ಲೋಹದ ನಾಲಿಗೆ, ಎದುರಿಗೆ ಕಮಾನಿನ ಆಕಾರದಲ್ಲಿ ಹತ್ತು ಅಂತಸ್ತು, ಅಂತಸ್ತಿಗೆ ಹತ್ತರಂತೆ ನೂರು ಸಂಪರ್ಕ ಬಿಂದುಗಳು. ವಿದ್ಯುತ್ ಬಡಿತವೊಂದು ಬಂದಾಗ ಕಂಬಿ ಒಂದು ಮೆಟ್ಟಿಲು ಮೇಲೇರುತ್ತದೆ. ಏರಿದ್ದು ಮುಗಿದಮೇಲೆ ಬರುವ ಬಡಿತಗಳಿಗೆ ಅಡ್ಡಡ್ಡ ತಿರುಗುತ್ತದೆ. 45 ಎಂದು ಡಯಲ್ ಮಾಡಿದರೆ ನಾಲ್ಕು ಮೆಟ್ಟಿಲು ಮೇಲೆ, ಐದು ಹೆಜ್ಜೆ ಪಕ್ಕಕ್ಕೆ. ನಾಲಿಗೆ ನಿಂತ ಬಿಂದುವೇ 45ನೆಯ ಮನೆ. ನಾಲ್ಕಂಕಿಯ ನಂಬರಾದರೆ ಇಂಥ ಯಂತ್ರಗಳು ಒಂದಾದ ಮೇಲೊಂದು ಕೆಲಸ ಮಾಡುತ್ತವೆ. ಮೊದಲ ಅಂಕಿಗೆ ಒಂದು ಯಂತ್ರ ಮೇಲೇರಿ, ಆ ಅಂತಸ್ತಿನಲ್ಲಿ ಖಾಲಿಯಿರುವ ಮುಂದಿನ ಯಂತ್ರವೊಂದನ್ನು ತಾನೇ ಹುಡುಕಿ ಹಿಡಿಯುತ್ತದೆ, ಎರಡನೆಯ ಅಂಕಿ ಅದಕ್ಕೆ ಹೋಗುತ್ತದೆ, ಕೊನೆಯ ಎರಡು ಅಂಕಿಗಳನ್ನು ಕೊನೆಯ ಯಂತ್ರ ಏರಿ ತಿರುಗಿ ಮುಗಿಸುತ್ತದೆ. ಹೊತ್ತೇರಿದಂತೆ ಎಕ್ಸ್‌ಚೇಂಜಿನ ಹಾಲ್ ಪೂರ್ತಿ ಚಟಪಟ ಸದ್ದಿನಲ್ಲಿ ಮುಳುಗುತ್ತಿತ್ತು. ಎಣ್ಣೆ, ಧೂಳು, ಸವೆತ ಇವೇ ಅಲ್ಲಿನ ಮೆಕ್ಯಾನಿಕ್‌ಗಳ ನಿತ್ಯದ ಗೋಳು.

ಆ ಬಡಿತಗಳನ್ನು ಹುಟ್ಟಿಸುವುದು ನಿಮ್ಮ ಬೆರಳು. ಡಯಲನ್ನು ಎಳೆದು ಬಿಟ್ಟಾಗ ಸ್ಪ್ರಿಂಗಿನ ಬಲದಿಂದ ಅದು ಹಿಂದಕ್ಕೆ ಬರುತ್ತದೆ. ಬರುವಾಗ ಸರ್ಕೀಟನ್ನು ಅಂಕಿಯಷ್ಟು ಸಲ ಕಡಿದು ಕೂಡಿಸುತ್ತದೆ, ಸೆಕೆಂಡಿಗೆ ಹತ್ತರಂತೆ. ಸೊನ್ನೆ ಸಲ ಕಡಿದರೆ ಎಕ್ಸ್‌ಚೇಂಜಿಗೆ ತಿಳಿಯುವುದಿಲ್ಲವಾದ್ದರಿಂದ ಸೊನ್ನೆಗೆ ಹತ್ತು ಬಡಿತ. ದೊಡ್ಡ ಅಂಕಿಗಳಿಗೆ ಸಮಯ ಹೆಚ್ಚು, ಯಂತ್ರವೂ ಅಷ್ಟು ಹೊತ್ತು ಬಂಧಿ. 1947ರಲ್ಲಿ ಅಮೆರಿಕದವರು ಪ್ರದೇಶಗಳಿಗೆ ಕೋಡ್ ಹಂಚಿದಾಗ ನ್ಯೂಯಾರ್ಕ್‌ಗೆ 212 ಕೊಟ್ಟದ್ದು ಈ ಲೆಕ್ಕದಿಂದಲೇ, ಐದೇ ಬಡಿತದಲ್ಲಿ ಮುಗಿಯುತ್ತದೆ. ಈ ತೂಕದಲ್ಲಿ ನಮ್ಮ ಬೆಂಗಳೂರಿನ 080 ದುಬಾರಿ, 28 ಬಡಿತ. ಅಷ್ಟರಲ್ಲಿ ಗುಂಡಿ ಒತ್ತುವ ಫೋನುಗಳು ಬರುತ್ತಿದ್ದವು, ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗುಂಡಿಯ ಫೋನಿನಲ್ಲಿ ಕಡಿಯುವುದೂ ಇಲ್ಲ, ಕೂಡಿಸುವುದೂ ಇಲ್ಲ. ಪ್ರತಿ ಅಂಕಿಗೂ ಎರಡು ಸ್ವರ ಒಟ್ಟಿಗೆ ಹೋಗುತ್ತವೆ. 5 ಒತ್ತಿದರೆ 770 ಮತ್ತು 1,336 ಹರ್ಟ್ಸ್.

ಹಳೆಯ ಡಯಲಿಗೆ ಪುಟ್ಟ ಬೀಗ ಹಾಕುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಡಯಲಿನ ಒಂದು ತೂತಿಗೆ ಸಿಕ್ಕಿಸಿದರೆ ಅದು ತಿರುಗುತ್ತಿರಲಿಲ್ಲ. ಬಿಲ್ಲಿನ ಭಯವಿದ್ದ ಯಜಮಾನರ ಉಪಾಯ. ಮನೆಯ ಚುರುಕು ಹುಡುಗರಿಗೆ ಅದು ಲೆಕ್ಕಕ್ಕಿರಲಿಲ್ಲ. ರಿಸೀವರ್ ಇಡುವ ಗುಬುಟನ್ನು ಬೆರಳಿನಿಂದ ಟಕಟಕ ಒತ್ತಿದರೂ ಸರ್ಕೀಟು ಕಡಿದು ಕೂಡುತ್ತದೆ. ಮೂರು ಸಲ ಬೇಗಬೇಗ ಒತ್ತಿ ತುಸು ನಿಲ್ಲಿಸಿದರೆ ಎಕ್ಸ್‌ಚೇಂಜಿನ ಯಂತ್ರ ಮೂರು ಮೆಟ್ಟಿಲು ಏರಿರುತ್ತದೆ. ಡಯಲಿನ ಬಡಿತವೋ ಬೆರಳಿನ ಬಡಿತವೋ ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ಮೂರನೆಯವರಿಗೆ ಈಗ ಬರೋಣ. ಎಕ್ಸ್‌ಚೇಂಜಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುವಷ್ಟು ಯಂತ್ರಗಳನ್ನು ಯಾರೂ ಇಡುವುದಿಲ್ಲ. ಹಾಗೆ ಇಟ್ಟರೆ ಕಂಪನಿ ದಿವಾಳಿ. ತೀರಾ ಕಡಿಮೆ ಇಟ್ಟರೆ ಜನರ ಶಾಪ. ಎಷ್ಟು ಇಡಬೇಕು? ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಗಣಿತಜ್ಞ ಆಗ್ನರ್ ಎರ್ಲಾಂಗ್ ಇದನ್ನು ಸಂಭವನೀಯತೆಯ ಪ್ರಶ್ನೆಯಾಗಿ ನೋಡಿದ. ಕುರ್ಚಿಯಲ್ಲಿ ಕುಳಿತೇ ಲೆಕ್ಕ ಹಾಕುವವನಲ್ಲ ಆತ. ಏಣಿ ಹೊತ್ತ ಆಳೊಬ್ಬನನ್ನು ಕರೆದುಕೊಂಡು ಬೀದಿಯ ಮ್ಯಾನ್‌ಹೋಲ್‌ಗಳಿಗೆ ಇಳಿದು ಕೇಬಲ್‌ಗಳನ್ನು ಅಳೆಯುತ್ತಿದ್ದ. 1909ರಲ್ಲಿ ಮೊದಲ ಪ್ರಬಂಧ, 1917ರಲ್ಲಿ ಇವತ್ತಿಗೂ ಎಂಜಿನಿಯರುಗಳು ಬಳಸುವ ಸೂತ್ರ ಬಂತು.

ಅದರ ರುಚಿ ನೋಡಲು ಒಂದು ಲೆಕ್ಕ. ನೂರು ಮನೆಗಳಿವೆ. ದಟ್ಟಣೆಯ ಒಂದು ಗಂಟೆಯಲ್ಲಿ ಪ್ರತಿ ಮನೆಯವರೂ 6 ನಿಮಿಷ ಲೈನ್ ಹಿಡಿಯುತ್ತಾರೆ. ಒಟ್ಟು 600 ನಿಮಿಷ, ಅಂದರೆ ಸರಾಸರಿ ಯಾವುದೇ ಗಳಿಗೆಯಲ್ಲಿ 10 ಸಂಭಾಷಣೆ. ಇದನ್ನು 10 ಎರ್ಲಾಂಗ್ ಎನ್ನುತ್ತಾರೆ. ಸರಾಸರಿ ಹತ್ತಾದ್ದರಿಂದ ಹತ್ತು ದಾರಿ ಸಾಕೆನ್ನಿಸುತ್ತದೆ. ಸಾಲದು: ನೂರಕ್ಕೆ 21 ಕರೆಗಳು ವಾಪಸಾಗುತ್ತವೆ, ಯಾಕೆಂದರೆ ಜನ ಸರದಿ ಪ್ರಕಾರ ಫೋನ್ ಎತ್ತುವುದಿಲ್ಲ, ಒಮ್ಮೆ ಎಲ್ಲರೂ ಎತ್ತುತ್ತಾರೆ, ಒಮ್ಮೆ ಯಾರೂ ಇಲ್ಲ. 18 ದಾರಿ ಇಟ್ಟರೆ ವಾಪಸಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಇನ್ನೊಂದು ಸ್ವಾರಸ್ಯ: ಸಾವಿರ ಮನೆಗಳನ್ನು ಒಟ್ಟಿಗೆ ಸೇರಿಸಿದರೆ 180 ದಾರಿ ಬೇಡ, ಸುಮಾರು 117 ಸಾಕು. ಗುಂಪು ದೊಡ್ಡದಾದಷ್ಟೂ ಏರಿಳಿತಗಳು ಒಂದನ್ನೊಂದು ನುಂಗಿಕೊಳ್ಳುತ್ತವೆ. ಟೆಲಿಫೋನ್ ವ್ಯವಸ್ಥೆ ಅಗ್ಗವಾದದ್ದು ಈ ಸೂತ್ರದಿಂದ ಎಂದರೆ ಹೆಚ್ಚಾಗದು.

ಆದರೆ ಸೂತ್ರದ ಒಳಗೆ ಮನುಷ್ಯರ ಸ್ವಭಾವದ ಬಗ್ಗೆ ಎರಡು ಊಹೆಗಳು ಅಡಗಿವೆ. ಜನ ಎಷ್ಟು ಹೊತ್ತು ಮಾತಾಡುತ್ತಾರೆಂದು ನಮಗೆ ಗೊತ್ತು ಎಂಬುದು ಒಂದು. ಲೈನ್ ಸಿಗದವರು ಸುಮ್ಮನೆ ಎದ್ದು ಹೋಗುತ್ತಾರೆ ಎಂಬುದು ಇನ್ನೊಂದು. ಮೇಲಿನ ಲೆಕ್ಕದಲ್ಲಿ 18 ದಾರಿಗಳನ್ನು ಹಾಗೇ ಉಳಿಸಿಕೊಂಡು 6 ನಿಮಿಷವನ್ನು 12 ಮಾಡಿ ನೋಡಿ: ನೂರಕ್ಕೆ ಒಂದು ಇದ್ದದ್ದು 22ಕ್ಕೆ ಏರುತ್ತದೆ. ಆ 22 ಜನ ಎದ್ದು ಹೋಗದೆ ಮತ್ತೆ ಮತ್ತೆ ಡಯಲ್ ಮಾಡಿದರೆ ಇನ್ನೂ ಏರುತ್ತದೆ. ಭಾರತದಲ್ಲಿ ಆದದ್ದು ಇದೇ.

ಕಲ್ಕತ್ತಾ, ಬಾಂಬೆ, ಮದ್ರಾಸುಗಳಲ್ಲಿ ಎಕ್ಸ್‌ಚೇಂಜ್ ತೆರೆದದ್ದು 1882ರ ಜನವರಿ 28ರಂದು, ನ್ಯೂ ಹೇವನ್ನಿನ ನಂತರ ಬರೀ ನಾಲ್ಕು ವರ್ಷಕ್ಕೆ. ಆಪರೇಟರಿಲ್ಲದ ಮೊದಲ ಎಕ್ಸ್‌ಚೇಂಜ್ 1913-14ರಲ್ಲಿ ಶಿಮ್ಲಾಕ್ಕೆ ಬಂತು, ಸರ್ಕಾರ ಬೇಸಗೆ ಕಳೆಯುತ್ತಿದ್ದ ಊರಿಗೆ. ಶುರು ಬೇಗ, ಬೆಳವಣಿಗೆ ಆಮೆಯ ನಡಿಗೆ. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಸುಮಾರು 80,000 ಫೋನುಗಳು. 1948ರಲ್ಲಿ ಬೆಂಗಳೂರಿನಲ್ಲಿ ಟೆಲಿಫೋನ್ ಉಪಕರಣಗಳ ಕಾರ್ಖಾನೆ ಐಟಿಐ ಹುಟ್ಟಿತು, ಅದರ ಸುತ್ತ ಬೆಳೆದ ಊರಿಗೆ ದೂರವಾಣಿನಗರ ಎಂದೇ ಹೆಸರಾಯಿತು. ಇಂಗ್ಲೆಂಡಿನ ಕಂಪನಿಯೊಂದರ ಸಹಯೋಗದಿಂದ ಅಲ್ಲಿ ಸ್ಟ್ರೌಜರ್ ಯಂತ್ರಗಳು ತಯಾರಾದವು. ಫೋನಿಗೆ ಅರ್ಜಿ ಹಾಕಿದವರು ಮಾತ್ರ ವರ್ಷಗಟ್ಟಲೆ ಕಾಯುತ್ತಿದ್ದರು.

ಪರವೂರಿಗೆ ಮಾತಾಡಬೇಕಿದ್ದರೆ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ, ಲೈಟ್ನಿಂಗಿಗೆ ಆರ್ಡಿನರಿಯ ಎಂಟು ಪಟ್ಟು ದುಡ್ಡು. 1960ರಲ್ಲಿ ಕಾನ್ಪುರ-ಲಖನೌ ನಡುವೆ, ಪರವೂರಿಗೆ ನಾವೇ ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ ಬಂದಮೇಲೆ ಈ ಕಟ್ಟಳೆ ಒಂದೊಂದೇ ಊರಿನಲ್ಲಿ ಸಡಿಲವಾಯಿತು. ಊರೊಳಗೆ ಇನ್ನೊಂದು ಪದ್ಧತಿ ಬೆಳೆದಿತ್ತು: ಪಿಪಿ ನಂಬರು. ಮದುವೆಯ ಕರೆಯೋಲೆಯಲ್ಲಿ, ಅಂಗಡಿಯ ಬಿಲ್ಲಿನಲ್ಲಿ, ಕೆಲಸದ ಅರ್ಜಿಯಲ್ಲಿ ಪಕ್ಕದ ಮನೆಯವರ ನಂಬರು ಹಾಕಿ ಮುಂದೆ 'ಪಿ.ಪಿ.' ಎಂದು ಬರೆಯುತ್ತಿದ್ದರು. ಇಡೀ ವಠಾರಕ್ಕೆ ಒಂದು ಫೋನ್. ಕರೆ ಬಂದರೆ ರಿಸೀವರನ್ನು ಮೇಜಿನ ಮೇಲಿಟ್ಟು "ಸ್ವಲ್ಪ ಇರಿ, ಕರೀತೀನಿ" ಎಂದು ಹುಡುಗನನ್ನು ಓಡಿಸುವುದು. ಅವರು ಕೈ ಒರೆಸಿಕೊಂಡು ಮೂರನೆಯ ಮನೆಯಿಂದ ಬರುವವರೆಗೂ ಎಕ್ಸ್‌ಚೇಂಜಿನ ಯಂತ್ರಗಳ ಸಾಲು ಏರಿ ತಿರುಗಿದಲ್ಲೇ ನಿಂತಿರಬೇಕು. ಸಜ್ಜನರಾದ ನೆರೆಯವರು ದಟ್ಟಣೆಯ ಅಂಕಿಅಂಶಗಳಿಗೆ ಮಾಡಿದ ಹಾನಿ ಅಷ್ಟಿಷ್ಟಲ್ಲ.

1960ರ ದಶಕದಲ್ಲಿ ಬೆಲ್ಜಿಯಂನ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡು ಪೆಂಟಾಕೋಂಟಾ ಎಂಬ ಕ್ರಾಸ್‌ಬಾರ್ ಎಕ್ಸ್‌ಚೇಂಜನ್ನು ತಂದರು. ಏರಿ ತಿರುಗುವ ಕಂಬಿಗಳ ಬದಲು ಅಡ್ಡ-ಉದ್ದ ಪಟ್ಟಿಗಳ ಚೌಕಟ್ಟು, ಎರಡು ಪಟ್ಟಿ ಸಂಧಿಸುವಲ್ಲಿ ಸಂಪರ್ಕ. ಸವೆತ ಕಡಿಮೆ, ಸದ್ದು ಕಡಿಮೆ. ಮುಖ್ಯ ವ್ಯತ್ಯಾಸ ಅದರ ಬುದ್ಧಿಯಲ್ಲಿತ್ತು. ಸ್ಟ್ರೌಜರಿನಲ್ಲಿ ಪ್ರತಿ ಕರೆಯೂ ತನ್ನ ದಾರಿಯನ್ನು ತಾನೇ ತುಳಿದುಕೊಂಡು ಹೋಗುತ್ತದೆ. ಕ್ರಾಸ್‌ಬಾರಿನಲ್ಲಿ ನಂಬರನ್ನೆಲ್ಲ ಮೊದಲು ಕೇಳಿಸಿಕೊಂಡು, ಖಾಲಿ ದಾರಿ ಹುಡುಕಿ, ಜೋಡಿಸಿ, ತಕ್ಷಣ ಮುಂದಿನ ಕರೆಗೆ ಹೊರಡುವ ನಿಯಂತ್ರಣ ಯಂತ್ರಗಳು ಬೆರಳೆಣಿಕೆಯಷ್ಟೇ. ಒಂದು ಕರೆಗೆ ಅವುಗಳ ಸಮಯ ಬೇಕಾದದ್ದು ಅತಿ ಸ್ವಲ್ಪ, ಆದ್ದರಿಂದ ಕೆಲವೇ ಸಾಕು. ಯುರೋಪಿನಲ್ಲಿ ಸಾಕಾಗಿತ್ತು ಕೂಡ.

ಇಲ್ಲಿ ಒಂದು ಫೋನಿಗೆ ಹತ್ತು ಮನೆಗಳ ಮಾತು. ಲೈನ್ ಎಂಗೇಜ್ ಬರುವುದು ಮಾಮೂಲು, ಬಂದಾಗ ಇಟ್ಟು ಮರುಕ್ಷಣವೇ ಮತ್ತೆ ಡಯಲ್ ಮಾಡುವುದೂ ಮಾಮೂಲು. ಸಿಗದ ಕರೆಗೆ ದುಡ್ಡಿಲ್ಲ, ಮಾಡಿದರೇನು ನಷ್ಟ? ನಷ್ಟವಿದ್ದದ್ದು ನಿಯಂತ್ರಣ ಯಂತ್ರಕ್ಕೆ. ಸಿಕ್ಕ ಕರೆಗೂ ಸಿಗದ ಕರೆಗೂ ಅದು ಹೆಚ್ಚುಕಡಿಮೆ ಒಂದೇ ಶ್ರಮ ಪಡಬೇಕು. ವಿಫಲ ಪ್ರಯತ್ನಗಳು ಅದರ ಸಮಯವನ್ನೆಲ್ಲ ತಿಂದುಹಾಕಿದವು, ಅದರಿಂದ ಇನ್ನಷ್ಟು ಕರೆಗಳು ವಿಫಲವಾದವು, ಅವರೂ ಮತ್ತೆ ಡಯಲ್ ಮಾಡಿದರು. ಯಂತ್ರ ಕೆಟ್ಟದ್ದೇನಲ್ಲ. ಬೇರೆ ಸಮಾಜದ ಅಭ್ಯಾಸಗಳನ್ನು ಲೆಕ್ಕಕ್ಕಿಟ್ಟುಕೊಂಡು ಅದನ್ನು ಕಟ್ಟಿದ್ದರು. ಕೊನೆಗೆ ಇಲ್ಲಿನ ದಟ್ಟಣೆಗೆ ಹೊಂದುವಂತೆ ವಿನ್ಯಾಸವನ್ನು ತಿದ್ದಲು ಇಂಡಿಯನ್ ಕ್ರಾಸ್‌ಬಾರ್ ಪ್ರಾಜೆಕ್ಟ್ ಎಂಬುದನ್ನೇ ಹಮ್ಮಿಕೊಳ್ಳಬೇಕಾಯಿತು.

ಅಷ್ಟರಲ್ಲಿ ಪ್ರಪಂಚ ಬೇರೆ ದಾರಿ ಹಿಡಿದಿತ್ತು. ಮಾತನ್ನು ಅಂಕಿಗಳಾಗಿ ಕತ್ತರಿಸಬಹುದೆಂದು ಇಂಗ್ಲೆಂಡಿನ ಅಲೆಕ್ ರೀವ್ಸ್ 1937ರಷ್ಟು ಹಿಂದೆಯೇ ಯೋಚಿಸಿದ್ದ. ಅದಕ್ಕೆ ತಕ್ಕ ಟ್ರಾನ್ಸಿಸ್ಟರು, ಚಿಪ್ಪು ಬರಲು ದಶಕಗಳು ಹಿಡಿದವು. ಫೋನಿನ ದನಿಯಲ್ಲಿ ನಾವು ಉಳಿಸಿಕೊಳ್ಳುವುದು 300ರಿಂದ 3,400 ಹರ್ಟ್ಸ್‌ವರೆಗಿನ ಕಂಪನಗಳನ್ನು ಮಾತ್ರ. ಅದನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದರೆ, ಒಂದು ದನಿ ಎಂದರೆ ಸೆಕೆಂಡಿಗೆ 64,000 ಬಿಟ್. 1970ರಲ್ಲಿ ಫ್ರಾನ್ಸಿನ ಪೆರೋಸ್-ಗಿರೆಕ್‌ನಲ್ಲಿ ಹೀಗೆ ಅಂಕಿಗಳನ್ನೇ ಜೋಡಿಸುವ ಎಕ್ಸ್‌ಚೇಂಜ್ ಶುರುವಾಯಿತು.

ಅಂಕಿಯಾದಮೇಲೆ ಜೋಡಿಸುವುದಕ್ಕೆ ತಂತಿ ತಂತಿಗೆ ತಾಗಬೇಕಾಗಿಲ್ಲ. ಎರಡು ಅಳತೆಗಳ ನಡುವೆ 125 ಮೈಕ್ರೋಸೆಕೆಂಡ್ ಬಿಡುವು. ಆ ಬಿಡುವನ್ನು 128 ಪಾಲು ಮಾಡಿದರೆ ಪಾಲಿಗೆ ಒಂದು ಮೈಕ್ರೋಸೆಕೆಂಡಿಗಿಂತ ತುಸು ಕಡಿಮೆ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಗೂಡುಗಳ ಹಾಗೆ 128 ಕೋಶಗಳಿರುವ ನೆನಪಿನ ಚಿಪ್ಪನ್ನು ಊಹಿಸಿಕೊಳ್ಳಿ. ಒಂದನೆಯ ಮನೆಯ ಅಳತೆ ಒಂದನೆಯ ಕೋಶಕ್ಕೆ, ಎರಡನೆಯದು ಎರಡಕ್ಕೆ, ಹೀಗೆ ಸಾಲಾಗಿ ಬೀಳುತ್ತದೆ. ಓದುವಾಗ ಮಾತ್ರ ಸಾಲು ತಪ್ಪಿಸುತ್ತಾರೆ. 7ನೆಯ ಮನೆಯವರು 93ನೆಯವರ ಜೊತೆ ಮಾತಾಡುತ್ತಿದ್ದರೆ, 7ರ ಸರದಿಯಲ್ಲಿ 93ನೆಯ ಕೋಶವನ್ನೂ 93ರ ಸರದಿಯಲ್ಲಿ 7ನೆಯ ಕೋಶವನ್ನೂ ಓದಿ ಹೊರಗೆ ಕಳಿಸುವುದು. ಸೆಕೆಂಡಿಗೆ 8,000 ಸಲ ಹೀಗೆ ಅದಲುಬದಲಾದರೆ ಅದೇ ಸಂಭಾಷಣೆ. ಏರುವ ಕಂಬಿಯಿಲ್ಲ, ತಾಗುವ ಲೋಹವಿಲ್ಲ. ಪೋರ್ಟಿಗೊಂದು, ಅಂದರೆ ಲೈನಿಗೊಂದು ಕೋಶವಿರುವುದರಿಂದ ಎಲ್ಲರೂ ಒಟ್ಟಿಗೆ ಮಾತಾಡಿದರೂ ಒಳಗಡೆ ಯಾರಿಗೂ ತಡೆಯಿಲ್ಲ. ಊರಿನಿಂದ ಹೊರಗೆ ಹೋಗುವ ಟ್ರಂಕ್ ಲೈನುಗಳಲ್ಲಿ ಮಾತ್ರ ಎರ್ಲಾಂಗನ ಲೆಕ್ಕ ಮತ್ತೆ ಕಾದಿರುತ್ತದೆ.

ವಿದೇಶದ ಡಿಜಿಟಲ್ ಎಕ್ಸ್‌ಚೇಂಜುಗಳು ಸಾವಿರಾರು ಲೈನುಗಳ ನಗರಗಳಿಗೆ ಮಾಡಿದಂಥವು, ಹವಾನಿಯಂತ್ರಿತ ಕೋಣೆ ಬೇಡುತ್ತಿದ್ದವು. ಕರೆಂಟು ಹೋಗಿ ಬಂದು ಮಾಡುವ, ಧೂಳು ಏಳುವ, ಐವತ್ತು ನೂರು ಫೋನಿನ ಬೇಡಿಕೆಯಿರುವ ಹಳ್ಳಿಗೆ ಅವು ಆಗುವಂಥವಲ್ಲ. 1984ರ ಆಗಸ್ಟಿನಲ್ಲಿ ಸರ್ಕಾರ ಸಿ-ಡಾಟ್ ಎಂಬ ಸಂಸ್ಥೆ ಕಟ್ಟಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿನ ಪ್ರೇರಣೆ, ಜಿ.ಬಿ. ಮೀಮಾಂಸಿ ಕಾರ್ಯನಿರ್ವಾಹಕ ನಿರ್ದೇಶಕರು. 36 ತಿಂಗಳು, 36 ಕೋಟಿ ರೂಪಾಯಿ ಎಂಬುದು ಅವರು ಒಪ್ಪಿಕೊಂಡ ಗಡುವು. ದೆಹಲಿ ಮತ್ತು ಬೆಂಗಳೂರುಗಳಲ್ಲಿ ಎಳೆಯ ಎಂಜಿನಿಯರುಗಳು ಕೂತು ಮಾಡಿದ ಮೊದಲ ದೊಡ್ಡ ಕೆಲಸ ಗ್ರಾಮೀಣ ಎಕ್ಸ್‌ಚೇಂಜ್, ಅಂದರೆ ರ್‍ಯಾಕ್ಸ್. 128 ಪೋರ್ಟಿನ ಆ ಪೆಟ್ಟಿಗೆಯನ್ನು 1986ರ ಜುಲೈಯಲ್ಲಿ ನಮ್ಮ ಕಿತ್ತೂರಿನಲ್ಲಿ ಚಾಲೂ ಮಾಡಿದರು, ಚೆನ್ನಮ್ಮನ ಕೋಟೆಯ ಊರಿನಲ್ಲಿ, ಧಾರವಾಡ-ಬೆಳಗಾವಿ ಹೆದ್ದಾರಿಯ ಪಕ್ಕ.

ಎಂಜಿನಿಯರಿಂಗ್ ಕಣ್ಣಿನಿಂದ ನೋಡಿದರೆ ರ್‍ಯಾಕ್ಸ್‌ನ ಜಾಣತನವಿರುವುದು ಅದು ಏನನ್ನು ಬೇಡಲಿಲ್ಲ ಎಂಬುದರಲ್ಲಿ. ಏಸಿ ಬೇಡ. ಚಿಪ್ಪುಗಳು ನುಂಗುವ ವಿದ್ಯುತ್ತೇ ಕಡಿಮೆಯಾದ್ದರಿಂದ ಬಿಸಿಗಾಳಿ ತಾನಾಗಿ ಮೇಲೇರಿ ಹೋದರೆ ಸಾಕು. ನಿಯಂತ್ರಣದ ಕಾರ್ಡುಗಳು ಎರಡೆರಡು, ಒಂದು ಕೈಕೊಟ್ಟರೆ ಇನ್ನೊಂದು ಕೆಲಸ ವಹಿಸಿಕೊಳ್ಳುತ್ತದೆ. ಕೆಟ್ಟ ಕಾರ್ಡನ್ನು ಎಳೆದು ಹೊಸದನ್ನು ಸಿಕ್ಕಿಸುವುದಕ್ಕೆ ದೊಡ್ಡ ತಜ್ಞರು ನಗರದಿಂದ ಬರಬೇಕಾಗಿಲ್ಲ. ತಂತ್ರಜ್ಞಾನವನ್ನು ಹಲವು ಕಾರ್ಖಾನೆಗಳಿಗೆ ಹಂಚಿದರು, ದೇಶದ ಸಾವಿರಾರು ಹಳ್ಳಿಗಳಿಗೆ ಈ ಪೆಟ್ಟಿಗೆ ಹೋಯಿತು. ದೊಡ್ಡ ಎಕ್ಸ್‌ಚೇಂಜಿನ ಗಡುವು ಜಾರಿತೆಂದು ಆ ಕಾಲದಲ್ಲಿ ಸಿ-ಡಾಟನ್ನು ಟೀಕಿಸಿದವರು ಬಹಳ. ಟೀಕೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೂ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಸಣ್ಣ ಊರುಗಳವರೆಗೂ ಹರಡಿದ್ದರಲ್ಲಿ ಇಂಥ ಪೆಟ್ಟಿಗೆಗಳ ಪಾಲು ದೊಡ್ಡದೆಂಬುದು ನನ್ನ ಅಭಿಪ್ರಾಯ. ಒಂದು ಫೋನನ್ನು ಹತ್ತು ಮನೆಯವರು ಬಳಸುತ್ತಾರೆ ಎಂಬುದನ್ನು ದೋಷವೆಂದು ನೋಡದೆ, ಅದಕ್ಕೊಂದು ಗಾಜಿನ ಬಾಗಿಲು, ಮೀಟರು ಇಟ್ಟು ಒಪ್ಪಿಕೊಂಡ ವ್ಯವಸ್ಥೆ ಅದು.

ಮೊಬೈಲ್ ಬಂದಮೇಲೂ ಈ ಲೆಕ್ಕ ತಪ್ಪಲಿಲ್ಲ. 2ಜಿ ಟವರು ಒಂದೊಂದು ತರಂಗವನ್ನೂ ಎಂಟು ಕಾಲಪಾಲುಗಳಾಗಿ ಹಂಚುತ್ತದೆ. ಪಾಲುಗಳೆಲ್ಲ ತುಂಬಿದರೆ 'ನೆಟ್‌ವರ್ಕ್ ಬ್ಯುಸಿ'. ಜಾತ್ರೆಯ ಬಯಲಿನಲ್ಲಿ ನಿಂತು ಲೈನ್ ಸಿಗದೆ ಮತ್ತೆ ಮತ್ತೆ ಒತ್ತುವವರು ಟವರಿಗೆ ಕೊಡುವ ಕಾಟ, ಕ್ರಾಸ್‌ಬಾರಿಗೆ ಕೊಟ್ಟದ್ದರ ಮರಿಯೇ. 4ಜಿಯಿಂದ ಈಚೆಗೆ ನಿಮಗೆಂದು ದಾರಿಯನ್ನೇ ಕಾದಿರಿಸುವುದಿಲ್ಲ. ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕಟ್ಟಿ, ವಿಡಿಯೊ, ಮೆಸೇಜುಗಳ ತುಣುಕುಗಳು ಹರಿಯುವ ಜಾಲಕ್ಕೇ ಬಿಡುತ್ತಾರೆ. ಮಾತಿನ ತುಣುಕಿಗೆ ಆದ್ಯತೆಯಿದೆ, ಆದರೂ ದಟ್ಟಣೆ ಮಿತಿ ಮೀರಿದರೆ ಅದೂ ತಡವಾಗುತ್ತದೆ. ತಡವಾಗಿ ಬಂದದ್ದನ್ನು ಕೇಳಿಸಿ ಪ್ರಯೋಜನವಿಲ್ಲ, ಅಷ್ಟರಲ್ಲಿ ಮುಂದಿನ ಪದ ಬಂದಿರುತ್ತದೆ, ಆದ್ದರಿಂದ ಫೋನು ಅದನ್ನು ಎಸೆದು ಹಿಂದಿನ ದನಿಯನ್ನೇ ತುಸು ಎಳೆದು ಸಂದು ಮುಚ್ಚಲು ನೋಡುತ್ತದೆ. ಎರಡು ಮೂರು ತುಣುಕು ಹೋದರೆ ಮುಚ್ಚಬಹುದು, ಸಾಲಾಗಿ ಹತ್ತು ಹೋದರೆ ಆಗದು. ಮೊದಲು ಎಂಗೇಜ್ ಸದ್ದು ಕೇಳಿ ಫೋನಿಡುತ್ತಿದ್ದವರು ಈಗ ಲೈನ್ ಸಿಕ್ಕಮೇಲೆ "ಹಲೋ, ಕಟ್ ಆಗ್ತಿದೆ, ಇನ್ನೊಂದ್ ಸಲ ಹೇಳಿ" ಎನ್ನುತ್ತಾರೆ.